ಕೊನೆಯ ಅಕ್ಷರಕ್ಕೆ ಜಾಗ

ನಮ್ಮ ತೀರದಲ್ಲಿ ಮರ ಬೆಳೆಯುವುದಿಲ್ಲ, ಬರುತ್ತದೆ.
ಸೈಬೀರಿಯದ ಯಾವುದೋ ನದಿ ಕೈಬಿಟ್ಟ ದಿಮ್ಮಿ
ಮಂಜುಗಡ್ಡೆಯ ಹೆಗಲೇರಿ, ವರುಷಗಟ್ಟಲೆ ಉಪ್ಪುಂಡು
ಐಸ್‌ಲ್ಯಾಂಡಿನ ಕಪ್ಪು ಮರಳಿಗೆ ಬಂದು ಒರಗುತ್ತದೆ,
ದಾರಿ ಕೇಳಲು ನಿಂತವರ ಹಾಗೆ.

ಅದನ್ನು ಸೀಳಿ, ಮೂರು ಚಳಿಗಾಲ ಒಣಗಿಸಿ
ಹಲಗೆ ಮಾಡುತ್ತೇನೆ. ಹಲಗೆಗೆ ಅಕ್ಷರ ಕೂರಿಸುತ್ತೇನೆ.
ಇದೇ ನನ್ನ ಹೊಟ್ಟೆಪಾಡು:
ಬೆಣ್ಣೆಡಬ್ಬಿಯ ಮುಚ್ಚಳಕ್ಕೆ ಹೆಸರು, ತೊಟ್ಟಿಲಿಗೆ ತಾರೀಖು,
ದೋಣಿಯ ಬೆನ್ನಿಗೆ ಯಾರದೋ ಅಜ್ಜಿ.

ಕಲಿಸಿದವಳು ಥೋರ್ಗೆರ್ದುರ್.
ಮೊದಲ ವರ್ಷ ಉಳಿ ಮುಟ್ಟಗೊಡಲಿಲ್ಲ,
ಕಾಗದ, ಸೀಸದಕಡ್ಡಿ, ಬೈಗುಳ, ಅಷ್ಟೇ.
ಅಳತೆಪಟ್ಟಿಗೆ ಸಮ ಬಂದದ್ದು ಕಣ್ಣಿಗೆ ಸಮ ಬರುವುದಿಲ್ಲವೇ,
ದುಂಡನೆಯದನ್ನು ಪಕ್ಕದ್ದಕ್ಕೆ ಕೊಂಚ ಒತ್ತಿಸು,
ನೆಟ್ಟಗಿನ ಎರಡು ಕಂಬಗಳಿಗೆ ಉಸಿರಾಡಲು ಬಿಡು.
ತಲೆಕೆಳಗು ಮಾಡಿ ನೋಡು,
ಓದಲು ಬಂದರೆ ಕಣ್ಣು ಮೋಸ ಹೋಗುತ್ತದೆ.
ಮತ್ತೆ ಇದು, ದಿನಕ್ಕೆ ನಾಲ್ಕು ಸಲ:
ಕೊನೆಯ ಅಕ್ಷರ ಮೊದಲು ಬರೆ.
ಅದಕ್ಕೆ ಜಾಗ ಸಿಕ್ಕಮೇಲೆ ಮೊದಲನೆಯದು.

ನಾವು ಕೆತ್ತುವ ಹಳೆಯ ಲಿಪಿ
ಕಾಗದ ಕಂಡದ್ದಲ್ಲ, ಮರದಲ್ಲೇ ಹುಟ್ಟಿದ್ದು.
ಒಂದೊಂದಕ್ಕೂ ಒಂದು ತಲೆ, ಆ ತಲೆ ಒಂದಿಷ್ಟು ಬಾಗಿ,
ಊಟಕ್ಕೆ ಮುಂಚಿನ ಪ್ರಾರ್ಥನೆಗೆ
ಹಸಿದುಕೊಂಡು ನಿಂತ ಮಕ್ಕಳ ಸಾಲು.
ಗೊತ್ತಿಲ್ಲದವರಿಗೆ ಅದು ಬಳ್ಳಿ.

ಹೋದ ಫೆಬ್ರವರಿಯಲ್ಲಿ ಸ್ಟೈನ್ವೋರ್ ಬಂದಳು.
ಉಣ್ಣೆಯಂಗಿಯಲ್ಲಿ ಸುತ್ತಿ ತಂದದ್ದನ್ನು ಮೇಜಿನ ಮೇಲೆ ಬಿಚ್ಚಿದಳು:
ಮುತ್ತಜ್ಜ ಇಲ್ಲುಗಿ ಕೆತ್ತಿದ ಮಂಚದ ಹಲಗೆ.
ಇಬ್ಬಿಬ್ಬರು ಮಲಗುತ್ತಿದ್ದ ಇಕ್ಕಟ್ಟು ಮಂಚ,
ರಾತ್ರಿ ಇದನ್ನು ಅಂಚಿಗೆ ಸಿಕ್ಕಿಸಿದರೆ
ಹೊರಳಿದವರು ನೆಲಕ್ಕೆ ಬೀಳುವುದಿಲ್ಲ.
ಎಡತುದಿ ಮೀನೆಣ್ಣೆಯ ದೀಪಕ್ಕೆ ಕರಿದಿದೆ,
ನಡುವೆ ಹುಳುವಿನ ಸಣ್ಣ ಸಣ್ಣ ಬಾಗಿಲು.
"ಇಂಥದ್ದೇ ಇನ್ನೊಂದು. ಮಗಳಿಗೆ."

ಬೆರಳಿಟ್ಟು ಓದಿದೆ:
ದೇವರೇ ಈ ಮಂಚದವರನ್ನು ಇರುಳೆಲ್ಲ ಕಾಪಾ

ಅಲ್ಲಿಗೆ ಹಲಗೆ ಮುಗಿದಿತ್ತು.
ಮುರಿದದ್ದಲ್ಲ. ಅಂಚು ನಯವಾಗಿದೆ,
ಸುತ್ತಿನ ಗೆರೆ ತಿರುಗಿ ಬಂದು ಸೇರಿದೆ.
ಇಲ್ಲುಗಿಗೆ ಲೆಕ್ಕ ತಪ್ಪಿದೆ:
ದೇವರು ಕೈಕಾಲು ಚಾಚಿ ಅರ್ಧ ಹಲಗೆ ಹಿಡಿದಿದ್ದಾನೆ,
ಮಂಚದವರು ಒತ್ತೊತ್ತಿ ಕೂತಿದ್ದಾರೆ,
ಇರುಳಂತೂ ಒಂದರ ಮೇಲೊಂದು.

ನನ್ನ ಹೊಸ ಹಲಗೆ ಒಂದು ಗೇಣು ಉದ್ದ.
ಎರಡು ರಾತ್ರಿ ಕೂತು ಕಾಗದದ ಮೇಲೆ ಹಂಚಿದೆ,
ದೇವರನ್ನು ಒಂಚೂರು ಸರಿಸಿ, ಜನಕ್ಕೆ ಜಾಗ ಮಾಡಿ,
ಕೊನೆಗೆ ಮುದ್ದಾಗಿ ಒಂದು "ಡು".
ಹೆಮ್ಮೆಯಿಂದ ತೋರಿಸಿದೆ.

ಅವಳು ತುಂಬ ಹೊತ್ತು ನೋಡಿದಳು.
"ನಮ್ಮಜ್ಜಿ ದೀಪ ಆರಿಸುವ ಮುಂಚೆ
ಈ ಸಾಲಿನ ಮೇಲೆ ಬೆರಳು ಎಳೆದುಕೊಂಡು ಬರುತ್ತಿದ್ದಳು.
ಅಂಚಿಗೆ ಬಂದು ನಿಲ್ಲುತ್ತಿದ್ದಳು.
ಗೋಡೆ ಕಡೆ ಮಲಗಿದವರು 'ಡು' ಅನ್ನಬೇಕು.
ಅನ್ನದಿದ್ದರೆ ದೀಪ ಆರಿಸುತ್ತಿರಲಿಲ್ಲ.
ನಾನು ಕೆಮ್ಮುತ್ತ ಅಂದಿದ್ದೇನೆ,
ತಂಗಿಯ ಜೊತೆ ಜಗಳವಾಡಿ ಹಲ್ಲು ಕಚ್ಚಿಕೊಂಡು ಅಂದಿದ್ದೇನೆ.
ಅದನ್ನೂ ನೀನೇ ಕೆತ್ತಿಬಿಟ್ಟರೆ
ಹುಡುಗಿ ಏನು ಮಾಡಬೇಕು?"

ಗರಗಸ ತೆಗೆದು ಹೊಸ ಹಲಗೆಯ ಒಂದು ಗೇಣು ಕತ್ತರಿಸಿದೆ.
ಆಮೇಲಿನದು ನಾನು ಅಂದುಕೊಂಡಷ್ಟು ಸುಲಭವಿರಲಿಲ್ಲ.
ಇಲ್ಲುಗಿಯ ಓರೆಯನ್ನು ಅಷ್ಟೇ ಓರೆಯಾಗಿ ಇಳಿಸಲು
ನೇರಕ್ಕಿಂತ ಎರಡು ಪಟ್ಟು ಅಳೆದೆ.
ಅವನ ಅವಸರ ನನ್ನ ಮಣಿಕಟ್ಟಿಗೆ ಬರಲು
ಹದಿನಾಲ್ಕು ದಿನ ಹಿಡಿಯಿತು. ಅಗಸೆಯೆಣ್ಣೆ ಬಳಿದು ಒಣಗಲಿಟ್ಟೆ.

ಥೋರ್ಗೆರ್ದುರ್ ಊರುಗೋಲು ಊರಿಕೊಂಡು ಬಂದಳು.
ತಲೆಕೆಳಗು ಮಾಡಿ ನೋಡಿದಳು, ಕಣ್ಣು ಕಿರಿದು ಮಾಡಿ ನೋಡಿದಳು,
ಹೆಬ್ಬೆರಳನ್ನು ಸಾಲಿನುದ್ದಕ್ಕೂ ತಂದು
ಅಂಚು ದಾಟಿ ಗಾಳಿಯಲ್ಲಿ ಎಡವಿದಳು.

"ಕೊನೆಯ ಅಕ್ಷರ ಮೊದಲು ಬರೆ ಅಂತ
ಎಷ್ಟು ಬಡಕೊಂಡೆ" ಅಂದಳು.

ನಾನು ಏನೂ ಹೇಳಲಿಲ್ಲ. ಕಾಫಿ ಕೊಟ್ಟೆ,
ಕತ್ತರಿಸಿ ಉಳಿದ ಒಂದು ಗೇಣಿನ ಮೇಲಿಟ್ಟು.